ಬೋರ್ ನೀರು ಗಡಸಾಗಿದೆಯಾ? ಮಷೀನ್ ತರುವ ಮೊದಲು ಇಷ್ಟು ಮಾಡಿ

"ಟಿಡಿಎಸ್ 1400 ತೋರಸಾಕತ್ತೈತ್ರಿ, ಯಾವ ಮಷೀನ್ ಕೂಡಸ್ಬೇಕು?"

ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇದೇ. ಕೇಳುವವರು ಇಂಡಿಯವರು, ಮುಧೋಳದವರು, ಅಥಣಿಯವರು, ವಿಜಯಪುರದ ಹೊಸ ಬಡಾವಣೆಯವರು. ನಾನು ತಿರುಗಿ ಕೇಳುವುದೂ ಪ್ರತಿ ಸಲ ಒಂದೇ. ನೀರು ಟೆಸ್ಟ್ ಮಾಡಿಸಿದ್ರಾ? ಆ ನೀರಿನಿಂದ ಯಾವ ಕೆಲಸಕ್ಕೆ ತೊಂದರೆ ಆಗಿದೆ? ಬೇಳೆ ಬೇಯ್ತಿಲ್ವಾ, ಗೀಜರ್ ಕೆಟ್ಟಿದೆಯಾ, ಬಟ್ಟೆ ಮಾಸಲಾಗಿದೆಯಾ? ಎರಡಕ್ಕೂ ಉತ್ತರ ಇರುವುದಿಲ್ಲ. ಅಂಗಡಿಯವರು ಮಾತ್ರ ಅಷ್ಟರಲ್ಲಿ ರೇಟು ಹೇಳಿ ಹೋಗಿರುತ್ತಾರೆ.

ಅದಕ್ಕೇ ಎಲ್ಲಾ ಒಂದೇ ಕಡೆ ಬರೆದಿಡುತ್ತಿದ್ದೇನೆ. ಮನೆಯ ನೀರನ್ನೆಲ್ಲಾ ಸರಿ ಮಾಡಲು ಹೋಗಬೇಡಿ. ಕುಡಿಯುವ ನೀರಿಗೆ ಬೇಕಾದದ್ದು ಬೇರೆ, ಬಟ್ಟೆಯ ನೀರಿಗೆ ಬೇರೆ, ಗೀಜರ್‌ಗೆ ಬೇರೆ. ಪಾಯಿಖಾನೆಗೆ ಏನೂ ಬೇಡ. ಹೀಗೆ ಬೇರೆ ಮಾಡಿಕೊಂಡರೆ ಖರ್ಚು ತಾನಾಗಿಯೇ ಇಳಿಯುತ್ತದೆ.

ಮೊದಲು ಮೂರು ಮಾತು ಅರ್ಥವಾಗಲಿ

ನಮ್ಮ ಕಡೆ ಬಾಯಿಗೆ ಹಿಡಿಸದ ನೀರಿಗೆಲ್ಲ "ಸವಳು ನೀರು" ಅಂತಲೇ ಅನ್ನುತ್ತೇವೆ. ಆದರೆ ಸವಳು ಬೇರೆ, ಗಡಸು ಬೇರೆ. ಸವಳು ಅಂದರೆ ಉಪ್ಪುಪ್ಪು ರುಚಿ. ಅದು ಹೆಚ್ಚಾಗಿ ಸೋಡಿಯಂ, ಕ್ಲೋರೈಡ್ ಕೆಲಸ. ಗಡಸು ಅಂದರೆ ನೀರಲ್ಲಿ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಲವಣ ಜಾಸ್ತಿ ಇದೆ ಅಂತ. ಸಾಬೂನು ನೊರೆ ಕೊಡದಿರುವುದು, ನಳದ ಬಾಯಿಗೆ ಬಿಳಿ ಹಕ್ಕಳೆ ಕಟ್ಟುವುದು ಈ ಗಡಸುತನದಿಂದ. ಒಂದೇ ಬೋರ್‌ನಲ್ಲಿ ಎರಡೂ ಇರಬಹುದು. ಔಷಧ ಮಾತ್ರ ಎರಡಕ್ಕೂ ಒಂದೇ ಅಲ್ಲ.

ಟಿಡಿಎಸ್ ಅಂದರೆ ನೀರಲ್ಲಿ ಕರಗಿದ ಎಲ್ಲಾ ಲವಣಗಳ ಒಟ್ಟು. ಪೆನ್ನಿನಂಥ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ ಈ ಒಟ್ಟನ್ನು ಅಂದಾಜು ಮಾಡುತ್ತದೆ. ಅದರಲ್ಲಿ ಗಡಸುತನ ಎಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಸಂತೆ ಚೀಲದ ತೂಕ ನೋಡಿ ಒಳಗೆ ಉಳ್ಳಾಗಡ್ಡಿ ಎಷ್ಟು, ಬದನೆಕಾಯಿ ಎಷ್ಟು ಅಂತ ಹೇಳಲು ಆಗುತ್ತಾ? ಇದೂ ಹಾಗೇ. ಟಿಡಿಎಸ್ 1000 ಇರುವ ಎರಡು ಬೋರ್‌ಗಳಲ್ಲಿ ಒಂದರ ಗಡಸುತನ 250, ಇನ್ನೊಂದರದ್ದು 700 ಇರಬಹುದು (ಅಂಕಿಯೆಲ್ಲಾ ಲೀಟರಿಗೆ ಮಿಲಿಗ್ರಾಂ ಲೆಕ್ಕ).

ಮೂರನೆಯದು ಗಡಸುತನದಲ್ಲೇ ಇರುವ ಎರಡು ಜಾತಿ. ಕುದಿಸಿದರೆ ಪುಡಿಯಾಗಿ ತಳಕ್ಕೆ ಕೂಡುವುದು ತಾತ್ಕಾಲಿಕ ಗಡಸುತನ, ಅಂದರೆ ಬೈಕಾರ್ಬೊನೇಟ್ ರೂಪದ್ದು. ಎಷ್ಟು ಕುದಿಸಿದರೂ ಕದಲದೆ ಇರುವುದು ಶಾಶ್ವತ ಗಡಸುತನ, ಅಂದರೆ ಸಲ್ಫೇಟ್, ಕ್ಲೋರೈಡ್ ರೂಪದ್ದು. ಮುಂದಿನ ಲೆಕ್ಕವೆಲ್ಲಾ ಈ ಎರಡರ ಮೇಲೆ ನಿಂತಿದೆ.

ನಮ್ಮಲ್ಲೇ ಯಾಕೆ ಇಷ್ಟು ಜಾಸ್ತಿ ಅಂತ ಕೇಳುತ್ತಾರೆ. ವಿಜಯಪುರ ಜಿಲ್ಲೆಯ ಬಹುಭಾಗ, ಬೆಳಗಾವಿಯ ಉತ್ತರ ಭಾಗ ದಖನ್ನಿನ ಕರಿಕಲ್ಲಿನ ಮೇಲಿವೆ. ಬಾಗಲಕೋಟೆಯಲ್ಲಿ ಮುಧೋಳ, ಲೋಕಾಪುರದ ಕಡೆ ಸುಣ್ಣದ ಕಲ್ಲೇ ಇದೆ, ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೂ ಅದಕ್ಕೇ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಇಂಗುವ ನೀರು ಕಡಿಮೆ, ಅದು ಕಲ್ಲಿನ ಸಂದಿಯಲ್ಲಿ ಕೂತಿರುವ ಕಾಲ ಜಾಸ್ತಿ. ಕೂತಷ್ಟೂ ಕಲ್ಲು ಕರಗಿಸಿಕೊಳ್ಳುತ್ತದೆ. ಘಟ್ಟದ ಸೆರಗಿನ ಖಾನಾಪುರದ ಬೀಗರಿಗೆ ನಮ್ಮ ಕಷ್ಟ ಹೇಳಿದರೆ ಅವರಿಗೆ ತಿಳಿಯುವುದಿಲ್ಲ. ಅಲ್ಲಿನ ಮಳೆಯೇ ಬೇರೆ.

1. ನೀರು ಅಳೆಯಿರಿ

ಸುಮ್ನೆ ತಿಳಿದುಕೊಳ್ಳಲು ಒಂದು ಮನೆ ಪರೀಕ್ಷೆ ಇದೆ. ಒಂದೇ ಅಳತೆಯ ಎರಡು ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಒಂದಕ್ಕೆ ಅರ್ಧ ಬೋರ್ ನೀರು, ಇನ್ನೊಂದಕ್ಕೆ ಅರ್ಧ ಮಳೆ ನೀರು ಅಥವಾ ಆರ್‌ಒ (ಲವಣ ತೆಗೆಯುವ ಫಿಲ್ಟರ್) ನೀರು ಹಾಕಿ. ಎರಡಕ್ಕೂ ಮೈಸಾಬೂನಿನ ತುರಿ ಒಂದೊಂದು ಚಿಟಿಕೆ ಹಾಕಿ ಜೋರಾಗಿ ಅಲ್ಲಾಡಿಸಿ. ಮೆತ್ತನೆ ನೀರಿನ ಬಾಟಲಿಯಲ್ಲಿ ನೊರೆ ಕತ್ತಿನವರೆಗೆ ಏರಿ ನಿಲ್ಲುತ್ತದೆ. ಗಡಸು ನೀರು ಮಜ್ಜಿಗೆಯಂತೆ ಮಸುಕಾಗುತ್ತದೆ, ಮೇಲೆ ಬೂದು ಬಣ್ಣದ ಕೆನೆ ತೇಲುತ್ತದೆ. ಇದಕ್ಕೆ ಬಟ್ಟೆಯ ಡಿಟರ್ಜೆಂಟ್ ಬಳಸಬೇಡಿ, ಅದು ಗಡಸು ನೀರಲ್ಲೂ ನೊರೆ ಕೊಟ್ಟು ಮೋಸ ಮಾಡುತ್ತದೆ.

ಅಂಕಿ ಬೇಕಾದರೆ ಗಡಸುತನ ಅಳೆಯುವ ಹನಿ ಕಿಟ್ ತರಿಸಿಕೊಳ್ಳಿ. ಬೆಲೆ ಜಾಸ್ತಿ ಏನಿಲ್ಲ. ಸಣ್ಣ ಶೀಶೆಯಲ್ಲಿ ಗೆರೆಯ ತನಕ ನೀರು ತುಂಬಿ ಮೊದಲ ಔಷಧ ಹಾಕಿದರೆ ನೀರು ದಾಳಿಂಬೆ ರಸದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಎರಡನೇ ಔಷಧವನ್ನು ಒಂದೊಂದೇ ಹನಿ ಹಾಕುತ್ತಾ, ಅಲ್ಲಾಡಿಸುತ್ತಾ, ಎಣಿಸುತ್ತಾ ಹೋಗಬೇಕು. ಕೊನೆಗೆ ಒಂದು ಹನಿಗೆ ಕೆಂಪು ಪೂರ್ತಿ ಹೋಗಿ ಬಿಳಿ ಬಟ್ಟೆಗೆ ಹಾಕುವ ನೀಲಿಯಂತೆ ಆಗುತ್ತದೆ. ಹನಿಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದ ಅಂಕಿಯಿಂದ ಗುಣಿಸಿ. ನನ್ನ ಕಿಟ್‌ನಲ್ಲಿ ಒಂದು ಹನಿಗೆ 25. ನಮ್ಮ ಮನೆ ಬೋರ್‌ಗೆ 26 ಹನಿ ಬೇಕಾಯಿತು. ಅಂದರೆ ಲೀಟರಿಗೆ ಸುಮಾರು 650 ಮಿಲಿಗ್ರಾಂ.

ಆದರೂ ಒಂದು ಸಲ ಲ್ಯಾಬ್ ಟೆಸ್ಟ್ ಬೇಕೇ ಬೇಕು. ಜಿಲ್ಲಾ ಕೇಂದ್ರದಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ ಇರುತ್ತದೆ. ಹಳ್ಳಿಯವರು ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿ, ಅಲ್ಲಿ ಪರೀಕ್ಷೆಯ ಕಿಟ್ ಕೊಟ್ಟಿರುತ್ತಾರೆ. ಸ್ಯಾಂಪಲ್ ಹಿಡಿಯುವಾಗ ಬೋರ್ ಹತ್ತು ನಿಮಿಷ ಓಡಲಿ. ಸ್ವಚ್ಛ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ಆಮೇಲೆ ಗಾಳಿ ಉಳಿಯದಂತೆ ತುಂಬಿ. ಟ್ಯಾಂಕಿಯ ನಳದಿಂದ ಹಿಡಿಯಬೇಡಿ. ರೋಗಾಣು ಪರೀಕ್ಷೆಯೂ ಬೇಕಿದ್ದರೆ ಅದರ ಬಾಟಲಿ ಲ್ಯಾಬ್‌ನವರೇ ಕೊಡಬೇಕು, ಮನೆಯ ಬಾಟಲಿ ನಡೆಯುವುದಿಲ್ಲ.

ಕೇಳಬೇಕಾದ ಪರೀಕ್ಷೆಗಳು ಇಷ್ಟು: ಒಟ್ಟು ಗಡಸುತನ, ಕ್ಷಾರತೆ, ಟಿಡಿಎಸ್, ಕ್ಲೋರೈಡ್, ಫ್ಲೋರೈಡ್, ನೈಟ್ರೇಟ್, ಕಬ್ಬಿಣ. ಕ್ಷಾರತೆ (ಆಲ್ಕಲಿನಿಟಿ) ಅಂದರೆ ಹೆಚ್ಚಾಗಿ ನೀರಲ್ಲಿರುವ ಬೈಕಾರ್ಬೊನೇಟ್‌ನ ಅಳತೆ, ಅದನ್ನು ಬಿಡಬೇಡಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

2. ರಿಪೋರ್ಟ್ ಓದುವುದು ಹೀಗೆ

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500, 2012ರದ್ದು. ಅದರ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದರೆ 600ರ ತನಕ ನಡೆಯುತ್ತದೆ. ಟಿಡಿಎಸ್‌ಗೆ ಇದೇ ಲೆಕ್ಕ 500 ಮತ್ತು 2000. ಫ್ಲೋರೈಡ್‌ಗೆ 1 ಮತ್ತು 1.5. ನೈಟ್ರೇಟ್‌ಗೆ 45, ಅದಕ್ಕೆ ರಿಯಾಯಿತಿ ಇಲ್ಲ.

ಈಗ ಕ್ಷಾರತೆಯ ಉಪಯೋಗ ನೋಡಿ. ಒಟ್ಟು ಗಡಸುತನ, ಕ್ಷಾರತೆ ಈ ಎರಡರಲ್ಲಿ ಯಾವುದು ಸಣ್ಣದೋ ಅದೇ ನಿಮ್ಮ ನೀರಿನ ತಾತ್ಕಾಲಿಕ ಗಡಸುತನ. ನಮ್ಮ ಮನೆ ಬೋರ್‌ನ ರಿಪೋರ್ಟ್‌ನಲ್ಲಿ ಗಡಸುತನ 640, ಕ್ಷಾರತೆ 380. ಅಂದರೆ 380 ಕುದಿಸಿದರೆ ಇಳಿಯುವಂಥದ್ದು, ಉಳಿದ 260 ಕುದಿಸಿದರೂ ಹೋಗದು. ನಿಮ್ಮದರಲ್ಲಿ ಕ್ಷಾರತೆಯೇ ದೊಡ್ಡದಿದ್ದರೆ ನಿಮ್ಮ ಅದೃಷ್ಟ, ಗಡಸುತನವೆಲ್ಲಾ ತಾತ್ಕಾಲಿಕ. ಈ ಒಂದು ಹೋಲಿಕೆ ಮಾಡದೆ ಎಷ್ಟೋ ಜನ ಕುದಿಸಿ ಕುದಿಸಿ ಗ್ಯಾಸ್ ಖಾಲಿ ಮಾಡುತ್ತಾರೆ.

ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತಾ? ಈ ಹೆದರಿಕೆ ಹುಟ್ಟಿಸಿಯೇ ಮಷೀನ್ ಮಾರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಹಾಕಿಲ್ಲ. ನಮ್ಮ ಬಿಸಿಲಲ್ಲಿ ನೀರು ಕಡಿಮೆ ಕುಡಿಯುವುದೇ ಕಲ್ಲಿಗೆ ದೊಡ್ಡ ಕಾರಣ. ಈಗಾಗಲೇ ಕಲ್ಲಾಗಿದ್ದವರು ಡಾಕ್ಟರನ್ನೇ ಕೇಳಿ.

ನಿಜಕ್ಕೂ ಹೆದರಬೇಕಾದದ್ದು ಫ್ಲೋರೈಡ್‌ಗೆ, ನೈಟ್ರೇಟ್‌ಗೆ. ವಿಜಯಪುರ, ಬಾಗಲಕೋಟೆ ಎರಡೂ ಜಿಲ್ಲೆಯ ಕೆಲವು ಊರುಗಳ ಬೋರ್‌ಗಳಲ್ಲಿ ಫ್ಲೋರೈಡ್ ಇದೆ. ಅದಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ, ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದರ ಪಾಲು ಹೆಚ್ಚುತ್ತದೆ. ರಿಪೋರ್ಟ್‌ನಲ್ಲಿ ಅದು 1.5 ದಾಟಿದ್ದರೆ ಆ ನೀರು ಕುಡಿಯಲು, ಅಡುಗೆಗೆ ಬೇಡ.

3. ಹೊಳಿ ನೀರು, ಬೋರ್ ನೀರು ಕೂಡಿಸಬೇಡಿ

ಇದಕ್ಕೆ ಮಷೀನ್ ಬೇಡ, ಒಂದು ಟ್ಯಾಂಕಿ ಸಾಕು. ಹೆಚ್ಚಿನ ಮನೆಗಳ ತೊಂದರೆ ಅರ್ಧ ಇಲ್ಲೇ ಮುಗಿಯುತ್ತದೆ.

ವಿಜಯಪುರಕ್ಕೆ ಕೊಲ್ಹಾರದ ಕಡೆಯಿಂದ ಕೃಷ್ಣೆಯ ನೀರು ಬರುತ್ತದೆ. ಬೆಳಗಾವಿಗೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯದ್ದು. ಹೊಳಿ ನೀರು ಬೋರ್ ನೀರಿಗಿಂತ ಎಷ್ಟೋ ಮೆತ್ತಗಿರುತ್ತದೆ. ಊರಿಗೆ ದೂರದಿಂದ ಸಿಹಿ ನೀರು ತರುವುದು ನಮಗೆ ಹೊಸದೂ ಅಲ್ಲ. ಆದಿಲ್‌ಶಾಹಿಗಳು ತೊರವಿಯಿಂದ, ಬೇಗಂ ತಲಾಬ್‌ನಿಂದ ಮಣ್ಣಿನ ಕೊಳವೆಯಲ್ಲಿ ಕೋಟೆಯೊಳಕ್ಕೆ ನೀರು ತಂದರು.

ನಾವು ಏನು ಮಾಡುತ್ತೇವೆ? ನಾಲ್ಕೈದು ದಿನಕ್ಕೊಮ್ಮೆ ಬರುವ ನಳದ ನೀರನ್ನು ಸಂಪಿಗೆ ಬಿಡುತ್ತೇವೆ. ಅದೇ ಸಂಪಿಗೆ ಬೋರ್ ನೀರನ್ನೂ ಬಿಡುತ್ತೇವೆ. ಲೆಕ್ಕ ಹಾಕಿ ನೋಡಿ. ನಳದ ನೀರಿನ ಗಡಸುತನ 120 ಇದೆ ಅಂತಿಟ್ಟುಕೊಳ್ಳಿ, ಬೋರ್‌ದು 640. ಅರ್ಧಕ್ಕರ್ಧ ಕೂಡಿಸಿದರೆ 380. ಬೇಳೆಗೂ ಬಾರದ, ಗೀಜರ್‌ಗೂ ಬಾರದ ನೀರು ಸಂಪು ತುಂಬಾ.

ಆದ್ದರಿಂದ ನಳದ ನೀರಿಗೆ ಪ್ರತ್ಯೇಕ ಟ್ಯಾಂಕಿ ಇಡಿ. 500 ಲೀಟರಿನದ್ದು ಸಾಕು. ಅದರಿಂದ ಅಡುಗೆಮನೆಗೆ ಒಂದು ಪೈಪ್, ಸಾಧ್ಯವಾದರೆ ಗೀಜರ್‌ಗೆ ಇನ್ನೊಂದು. ಬೋರ್ ನೀರು ಪಾಯಿಖಾನೆ, ಅಂಗಳ, ಪಾತ್ರೆ, ಗಾಡಿ ತೊಳೆಯಲು ಇರಲಿ. ಹೊಸ ಮನೆ ಕಟ್ಟಿಸುವವರು ಗೋಡೆಗೆ ಪ್ಲಾಸ್ಟರ್ ಆಗುವ ಮೊದಲೇ ಪ್ಲಂಬರ್‌ಗೆ "ಎರಡು ಲೈನ್ ಬೇಕು" ಅಂತ ಹೇಳಿಬಿಡಿ. ಆಮೇಲೆ ಟೈಲ್ಸ್ ಒಡೆಸುವ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ.

4. ಕುಡಿಯಲು, ಅಡುಗೆಗೆ

ನಳದ ನೀರು ಬರುವ ಮನೆಗೆ ಆರ್‌ಒ ಬೇಡ ಅಂತ ನನ್ನ ಅಭಿಪ್ರಾಯ. ಕುದಿಸಿ ಕುಡಿದರೆ ಸಾಕು, ಇಲ್ಲವೇ ಯುವಿ ಫಿಲ್ಟರ್ ಸಾಕು. ಯುವಿ ಅಂದರೆ ರೋಗಾಣು ಕೊಲ್ಲುವ ಬೆಳಕು, ಅದು ಲವಣ ತೆಗೆಯುವುದಿಲ್ಲ. ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಕುಡಿಯಲೂ ಬೇಳೆಗೂ ಅಲ್ಲಿಂದಲೇ ಕೊಡ ತನ್ನಿ.

ಬರೀ ಬೋರ್ ನೀರೇ ಗತಿ ಆಗಿ, ಗಡಸುತನದಲ್ಲಿ ತಾತ್ಕಾಲಿಕದ್ದೇ ಜಾಸ್ತಿ ಇದ್ದರೆ ಕುದಿಸುವುದು ನಡೆಯುತ್ತದೆ. ಹತ್ತು ನಿಮಿಷ ಚೆನ್ನಾಗಿ ಕುದಿಯಬೇಕು. ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಅಲ್ಲಾಡಿಸದೆ ಮೇಲಿನ ನೀರು ಬಸಿದುಕೊಳ್ಳಿ. ತಳದ ಎರಡು ಬೆರಳು ನೀರು ಚೆಲ್ಲಿ. ಬಹಳ ಜನ ಕುದಿಸಿದ್ದನ್ನು ಬಿಸಿ ಇರುವಾಗಲೇ ಕದಡಿ ಸೋಸುತ್ತಾರೆ. ಪುಡಿ ಅರಿವೆಯಲ್ಲಿ ಸೋರಿ ಹೋಗುತ್ತದೆ, ಕುದಿಸಿದ್ದು ವ್ಯರ್ಥ.

ತೊಗರಿಬೇಳೆ ನಾಲ್ಕು ಸೀಟಿ ಆದರೂ ಬೇಯುತ್ತಿಲ್ಲ ಅನ್ನುವವರಿಗೆ: ಬೇಳೆಯ ಕಾಳು ಹಿಡಿದಿಟ್ಟಿರುವ ಪೆಕ್ಟಿನ್‌ಗೆ ನೀರಿನ ಕ್ಯಾಲ್ಸಿಯಂ ಅಂಟಿ ಗಟ್ಟಿ ಮಾಡುತ್ತದೆ. ನೆನೆಸುವ ನೀರೂ, ಬೇಯಿಸುವ ನೀರೂ ಮೆತ್ತಗಿರಬೇಕು. ಬೇಯಿಸಲು ಮಾತ್ರ ಒಳ್ಳೆ ನೀರು ಹಾಕಿ ನೆನೆಸಲು ಬೋರ್ ನೀರು ಹಾಕಿದರೆ ಪ್ರಯೋಜನ ಇಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ ವಿಟಮಿನ್ ಕಡಿಮೆಯಾಗುತ್ತದೆ. ದಿನಾ ಬೇಡ. ಹುಣಸೆ, ಟೊಮೆಟೊ ಬೇಳೆ ಬೆಂದ ಮೇಲೆ ಹಾಕಿ.

ಆರ್‌ಒ ಯಾರಿಗೆ ಬೇಕು? ಟಿಡಿಎಸ್ ತೀರಾ ಜಾಸ್ತಿ ಇದ್ದವರಿಗೆ, ಫ್ಲೋರೈಡ್, ನೈಟ್ರೇಟ್ ದಾಟಿದವರಿಗೆ. ತೀರಾ ಸಣ್ಣ ರಂಧ್ರದ ಪೊರೆಯ ಮೂಲಕ ಒತ್ತಡದಲ್ಲಿ ನೀರು ದೂಡುವುದೇ ಆರ್‌ಒ. ಪೊರೆಗೆ ಮೆಂಬ್ರೇನ್ ಅನ್ನುತ್ತಾರೆ. ಇಲ್ಲಿ ಮೂರು ಕಡೆ ಎಡವುತ್ತಾರೆ.

ಒಂದು, ಗಡಸು ನೀರನ್ನು ನೇರವಾಗಿ ಬಿಟ್ಟರೆ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟುತ್ತದೆ. ಮಷೀನ್ ಎಷ್ಟು ಗಡಸುತನದ ತನಕ ತಡೆಯುತ್ತದೆ ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ. ಟಿಡಿಎಸ್ ಮಿತಿ ಅಲ್ಲ, ಗಡಸುತನದ ಮಿತಿ ನೋಡಿ. ಕೊಳ್ಳುವ ಮೊದಲೇ ಆ ಪುಟ ತೋರಿಸಿ ಅನ್ನಿ.

ಎರಡು, ಟಿಡಿಎಸ್ ಅಡ್ಜಸ್ಟರ್. ರುಚಿ ಬರಲಿ ಅಂತ ಸೋಸಿದ ನೀರಿಗೆ ಸೋಸದ ನೀರನ್ನು ಸ್ವಲ್ಪ ಕೂಡಿಸುವ ತಿರುಪು ಅದು. ನಿಮ್ಮ ನೀರಲ್ಲಿ ಫ್ಲೋರೈಡ್ ಇದ್ದರೆ ದುಡ್ಡು ಕೊಟ್ಟು ತೆಗೆಸಿದ್ದನ್ನೇ ಮತ್ತೆ ಕೂಡಿಸಿದ ಹಾಗಾಯಿತು. ಅದನ್ನು ಪೂರ್ತಿ ಮುಚ್ಚಿಸಿ.

ಮೂರು, ಹೊರಗೆ ಬಿಡುವ ನೀರು. ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಅದನ್ನು ಬಕೆಟ್‌ನಲ್ಲಿ ಹಿಡಿದು ಪಾಯಿಖಾನೆಗೆ ಬಳಸಿ. ತುಳಸಿ ಗಿಡಕ್ಕೆ, ಬಟ್ಟೆಗೆ ಬೇಡ, ಅದು ಬೋರ್ ನೀರಿಗಿಂತ ಗಡಸು.

5. ಬಟ್ಟೆಗೆ ವಾಷಿಂಗ್ ಸೋಡಾ

ಸಾಬೂನು ಗಡಸು ನೀರಿಗೆ ಬಿದ್ದರೆ ಮೊದಲು ಕ್ಯಾಲ್ಸಿಯಂ ಜೊತೆ ಕೂಡಿ ಜಿಗುಟು ಕೆನೆಯಾಗುತ್ತದೆ. ಆ ಕೆನೆ ಬಟ್ಟೆಯ ಎಳೆಯಲ್ಲಿ ಕೂತು ಬಿಳಿ ಅಂಗಿ ಬೂದಿ ಆಗುವುದು, ಟವೆಲ್ ಒರಟಾಗುವುದು. ಕ್ಯಾಲ್ಸಿಯಂ ಮುಗಿದ ಮೇಲಷ್ಟೇ ನೊರೆ. ಅಲ್ಲಿಯ ತನಕ ಉಜ್ಜಿದ ಸಾಬೂನೆಲ್ಲಾ ನಷ್ಟ.

ಇದಕ್ಕೆ ಅಗ್ಗದ ದಾರಿ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಅದು ಬೇರೆ. ಗಡಸುತನ 640 ಇರುವ 20 ಲೀಟರ್ ಬಕೆಟ್‌ಗೆ ಒಣ ಪುಡಿಯಾದರೆ ಸುಮಾರು 14 ಗ್ರಾಂ, ಹರಳಾದರೆ ಸುಮಾರು 37 ಗ್ರಾಂ ಬೇಕು. ಹರಳಿನಲ್ಲಿ ನೀರಿನ ಅಂಶ ಇರುವುದರಿಂದ ಜಾಸ್ತಿ. ನಿಮ್ಮ ಗಡಸುತನ 320 ಇದ್ದರೆ ಅದರ ಅರ್ಧ. ಸೋಡಾವನ್ನು ಮೊದಲು ಚೊಂಬು ಬಿಸಿನೀರಲ್ಲಿ ಕರಗಿಸಿ ಬಕೆಟ್‌ಗೆ ಹಾಕಿ, ಕಲಸಿ, ಕಾಲು ಗಂಟೆ ಬಿಡಿ. ನೀರು ಬೆಳ್ಳಗೆ ಕದಡುತ್ತದೆ. ಆಮೇಲೆ ಸಾಬೂನು ಅಥವಾ ಪೌಡರ್ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಸಾಬೂನೇ ಮೊದಲು ಖರ್ಚಾಗಿಬಿಡುತ್ತದೆ, ಸೋಡಾ ಹಾಕಿದ ಫಲ ಇಲ್ಲ. ಕೈಗೆ ಗ್ಲೌಸ್ ಇರಲಿ, ಚರ್ಮ ಒಡೆಯುತ್ತದೆ.

ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಯಾವುದೇ ರೇಷ್ಮೆ, ಉಣ್ಣೆಗೆ ಸೋಡಾ ಸೋಕಿಸಬೇಡಿ. ಸೆರಗಿನ ರೇಷ್ಮೆ ಎಳೆ ಸೋಡಾದಿಂದ ಹಾಳಾಗುತ್ತದೆ. ಅವಕ್ಕೆ ಮಳೆ ನೀರು ಅಥವಾ ಹೊಳಿ ನೀರು ಎತ್ತಿಡಿ.

6. ಸ್ನಾನಕ್ಕೆ, ಗೀಜರ್‌ಗೆ ಸಾಫ್ಟ್ನರ್

ಸಾಫ್ಟ್ನರ್ ಅಂದರೆ ಉದ್ದನೆ ಸಿಲಿಂಡರ್. ಒಳಗೆ ರೆಸಿನ್ ಇರುತ್ತದೆ. ರೆಸಿನ್ ಸಾಸಿವೆಗಿಂತ ಸಣ್ಣ, ಜೇನು ಬಣ್ಣದ ಮಣಿಗಳು. ಪ್ರತಿ ಮಣಿ ಸೋಡಿಯಂ ಹಿಡಿದುಕೊಂಡಿರುತ್ತದೆ. ಗಡಸು ನೀರು ಹಾಯುವಾಗ ಸೋಡಿಯಂ ಬಿಟ್ಟು ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಹಿಡಿಯುತ್ತದೆ. ಮಣಿ ತುಂಬಿದ ಮೇಲೆ ಉಪ್ಪುನೀರು ಹಾಯಿಸಿ ಖಾಲಿ ಮಾಡಬೇಕು. ಈ ತೊಳೆತಕ್ಕೆ ರೀಜನರೇಶನ್ ಅನ್ನುತ್ತಾರೆ.

ಇಲ್ಲಿ ಟಿಡಿಎಸ್ ಇಳಿಯುವುದಿಲ್ಲ. ಒಂದು ಲವಣ ಹೋಗಿ ಇನ್ನೊಂದು ಬಂತು, ಅಷ್ಟೇ. "ಸಾಫ್ಟ್ನರ್ ಹಾಕಿಸಿದೆ, ಮೀಟರ್‌ನಲ್ಲಿ ಅಷ್ಟೇ ತೋರಿಸುತ್ತಿದೆ, ಮೋಸ ಹೋದೆ" ಅಂತ ಬರೆಯುವವರಿದ್ದಾರೆ. ಮೋಸ ಆಗಿಲ್ಲ. ಹನಿ ಕಿಟ್‌ನಿಂದ ನೋಡಿ, ಮೊದಲ ಹನಿಗೇ ನೀಲಿ ಆದರೆ ಮಷೀನ್ ಸರಿ ಇದೆ.

ಅಳತೆ ಹೇಗೆ ಹಾಕುವುದು? ಗಡಸುತನ 640, ದಿನಕ್ಕೆ 500 ಲೀಟರ್ ಬೇಕು ಅಂದರೆ ದಿನಕ್ಕೆ ತೆಗೆಯಬೇಕಾದ ಗಡಸು 320 ಗ್ರಾಂ. ಒಂದು ಲೀಟರ್ ರೆಸಿನ್ ಒಂದು ತೊಳೆತಕ್ಕೆ ಸುಮಾರು 50 ಗ್ರಾಂ ಹಿಡಿಯುತ್ತದೆ. 25 ಲೀಟರ್ ರೆಸಿನ್ ಇದ್ದರೆ 1250 ಗ್ರಾಂ. ಅಂದರೆ ನಾಲ್ಕು ದಿನಕ್ಕೊಮ್ಮೆ ತೊಳೆಯಬೇಕು, ಪ್ರತಿ ಸಲ 3ರಿಂದ 4 ಕಿಲೋ ಉಪ್ಪು. ತಿಂಗಳಿಗೆ ಸುಮಾರು 30 ಕಿಲೋ. ಮಾರುವವರು ಈ ಉಪ್ಪಿನ ಲೆಕ್ಕ ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ. ಮನೆಗೆಲ್ಲಾ ಹಾಕಿಸದೆ ಸ್ನಾನದ ಲೈನ್‌ಗೆ ಮಾತ್ರ ಹಾಕಿಸಿ ಅನ್ನುವುದು ಇದಕ್ಕೇ.

ಕೈಯಿಂದ ತೊಳೆಯುವ ಸಾಫ್ಟ್ನರ್ ಆದರೆ ಕ್ರಮ ಹೀಗೆ. ಮೊದಲು ನೀರನ್ನು ಕೆಳಗಿನಿಂದ ಮೇಲಕ್ಕೆ ಹತ್ತು ನಿಮಿಷ ಹಾಯಿಸಿ ಕಸ ತೆಗೆಯಿರಿ. ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ನೀರಲ್ಲಿ ಕರಗಿಸಿ, 10 ಲೀಟರಿಗೆ ಒಂದು ಕಿಲೋದಂತೆ, ಮಣ್ಣು ಸೋಸಿಕೊಳ್ಳಿ. ಅದನ್ನು ಅರ್ಧ ಗಂಟೆಯಷ್ಟು ನಿಧಾನವಾಗಿ ಹಾಯಿಸಿ. ಅವಸರ ಮಾಡಿದರೆ ಉಪ್ಪೆಲ್ಲಾ ಗಟಾರಕ್ಕೆ, ರೆಸಿನ್ ಅರ್ಧ ಹಾಗೇ. ಕೊನೆಗೆ ಉಪ್ಪು ರುಚಿ ಹೋಗುವ ತನಕ ತೊಳೆಯಿರಿ.

ಈಗ ಎಚ್ಚರಿಕೆಗಳು. ಮಹಡಿ ಟ್ಯಾಂಕಿಯಿಂದ ಇಳಿಯುವ ನೀರಿನ ಒತ್ತಡ ಸಾಫ್ಟ್ನರ್‌ಗೆ ಸಾಮಾನ್ಯವಾಗಿ ಸಾಲುವುದಿಲ್ಲ. 10 ಮೀಟರ್ ಎತ್ತರ ಇದ್ದರೆ ಮಾತ್ರ ಒಂದು ಬಾರ್ ಒತ್ತಡ. ಆದ್ದರಿಂದ ಮೋಟಾರಿಗೂ ಮೇಲಿನ ಟ್ಯಾಂಕಿಗೂ ನಡುವೆ ಕೂಡಿಸಿ, ಮೆತ್ತನೆ ನೀರಿಗೆ ಬೇರೆ ಸಣ್ಣ ಟ್ಯಾಂಕಿ ಇಡಿ. ಬಚ್ಚಲಲ್ಲಿ ಕೆಂಪು ಕಲೆ ಬೀಳುತ್ತಿದ್ದರೆ ನೀರಲ್ಲಿ ಕಬ್ಬಿಣ ಇದೆ. ಮೊದಲು ಅದರ ಫಿಲ್ಟರ್, ಆಮೇಲೆ ಸಾಫ್ಟ್ನರ್. ಇಲ್ಲದಿದ್ದರೆ ರೆಸಿನ್ ಕೆಡುತ್ತದೆ.

ಅಡುಗೆಮನೆಗೆ ಈ ನೀರು ಬೇಡ. ಗಡಸುತನ 640 ಇದ್ದ ನೀರು ಮೆತ್ತಗಾದಾಗ ಲೀಟರಿಗೆ ಸುಮಾರು 290 ಮಿಲಿಗ್ರಾಂ ಸೋಡಿಯಂ ಸೇರಿರುತ್ತದೆ. ಬಿಪಿ ಇದ್ದವರ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ತೊಳೆದ ಉಪ್ಪುನೀರನ್ನು ಗಿಡಕ್ಕೆ, ಹಿತ್ತಲಿಗೆ ಬಿಡಬೇಡಿ. ನಮ್ಮ ಎರಿ ಮಣ್ಣಿಗೆ ಸೋಡಿಯಂ ಬಿದ್ದರೆ ಅದು ಹೆಪ್ಪುಗಟ್ಟಿ ನೀರೇ ಇಂಗುವುದಿಲ್ಲ. ಬೋರ್ ಪಕ್ಕದ ಇಂಗುಗುಂಡಿಗೆ ಬಿಟ್ಟರೆ ಉಪ್ಪು ಮತ್ತೆ ನಿಮ್ಮ ಬೋರ್‌ಗೇ. ಗಟಾರಿಗೇ ಹೋಗಲಿ.

ಮೊದಲ ವಾರ ಮನೆಯವರು "ಸಾಬೂನು ಮೈಯಿಂದ ಹೋಗೇ ಇಲ್ಲ, ಜಾರುತ್ತೆ" ಅನ್ನುತ್ತಾರೆ. ಮೆತ್ತನೆ ನೀರು ಹಾಗೇ ಇರುತ್ತದೆ, ರೂಢಿಯಾಗುತ್ತದೆ.

ಸಾಫ್ಟ್ನರ್ ಬೇಡ ಅನ್ನುವವರು ಗೀಜರ್ ಥರ್ಮೋಸ್ಟಾಟ್ ಅನ್ನು 50ರಿಂದ 55 ಡಿಗ್ರಿಗೆ ಇಳಿಸಿ. ಬಿಸಿ ಹೆಚ್ಚಾದಷ್ಟೂ ಸುಣ್ಣ ಜಾಸ್ತಿ ಕಟ್ಟುತ್ತದೆ. ತಲೆಗೆ ಕೊನೆಯ ಎರಡು ಚೊಂಬು ಹೊಳಿ ನೀರೋ ಮಳೆ ನೀರೋ ಹಾಕಿಕೊಂಡರೂ ಕೂದಲು ಇಷ್ಟು ಒರಟಾಗುವುದಿಲ್ಲ.

7. ದುಡ್ಡು ಹಾಕಬೇಡಿ ಅನ್ನುವ ಪಟ್ಟಿ

ಪೈಪಿಗೆ ಕಟ್ಟುವ ಆಯಸ್ಕಾಂತ. ನಾನೂ ಒಮ್ಮೆ ಕಟ್ಟಿಸಿದ್ದೆ. ಕಟ್ಟುವ ಮೊದಲು 26 ಹನಿ, ಎರಡು ತಿಂಗಳಾದ ಮೇಲೂ 26 ಹನಿ. ಅದು ಗಡಸುತನ ತೆಗೆಯುತ್ತೇನೆ ಅನ್ನುವುದಿಲ್ಲ, ಸುಣ್ಣ ಅಂಟದಂತೆ ಮಾಡುತ್ತೇನೆ ಅನ್ನುತ್ತದೆ. ನಮ್ಮ ನೀರು ಕಾಯಿಸುವ ಕಾಯಿಲ್ ಮೇಲೆ ಮೊದಲಿನಷ್ಟೇ ಕಟ್ಟಿತು.

ಶವರ್‌ಗೆ, ನಳಕ್ಕೆ ಸಿಕ್ಕಿಸುವ ಅಂಗೈಯಗಲದ ಫಿಲ್ಟರ್. ಸಾಫ್ಟ್ನರ್‌ನ ಲೆಕ್ಕ ಮೇಲೆ ನೋಡಿದಿರಿ. ಒಂದು ಹಿಡಿ ಪುಡಿ ಎಷ್ಟು ಗಡಸು ಹಿಡಿದೀತು?

ಪಟಿಕ, ನುಗ್ಗೆ ಬೀಜ, ಬ್ಲೀಚಿಂಗ್ ಪೌಡರ್. ಮೊದಲೆರಡು ಕೆಸರು ತಳಕ್ಕೆ ಕೂಡಿಸುತ್ತವೆ, ಮೂರನೆಯದು ರೋಗಾಣು ಕೊಲ್ಲುತ್ತದೆ. ಗಡಸುತನದ ಔಷಧ ಯಾವುದೂ ಅಲ್ಲ.

ವಾಷಿಂಗ್ ಮಷೀನ್, ಗೀಜರ್ ಹಿಂದೆ ಹಾಕುವ ಗಾಜಿನ ಗುಂಡಿನಂಥ ಪಾಲಿಫಾಸ್ಫೇಟ್ ಫಿಲ್ಟರ್ ಮಾತ್ರ ಸ್ವಲ್ಪ ಕೆಲಸ ಮಾಡುತ್ತದೆ. ಸುಣ್ಣ ಕಟ್ಟುವುದನ್ನು ನಿಧಾನ ಮಾಡುತ್ತದೆ, ತೆಗೆಯುವುದಿಲ್ಲ. ಗುಂಡು ಕರಗಿದಂತೆ ತುಂಬುತ್ತಿರಬೇಕು. ಆ ನೀರು ಕುಡಿಯಲು ಬೇಡ.

8. ಮಳೆ ನೀರು ಹಿಡಿಯಿರಿ

ಮಳೆ ನೀರಿನಲ್ಲಿ ಗಡಸುತನ ಇಲ್ಲವೇ ಇಲ್ಲ ಅನ್ನುವಷ್ಟು. 1000 ಚದರಡಿ ಛಾವಣಿ, 600 ಮಿ.ಮೀ. ಮಳೆ, ಐದರಲ್ಲಿ ಒಂದು ಪಾಲು ನಷ್ಟ ಅಂತ ಹಿಡಿದರೂ ವರ್ಷಕ್ಕೆ 44 ಸಾವಿರ ಲೀಟರ್. ಬರೀ ಅಡುಗೆ, ಕುಡಿಯಲು ದಿನಕ್ಕೆ 40 ಲೀಟರ್ ಸಾಕಾಗುವ ಮನೆಗೆ ವರ್ಷಕ್ಕೆ ಬೇಕಾಗುವುದು 15 ಸಾವಿರಕ್ಕಿಂತ ಸ್ವಲ್ಪ ಕಡಿಮೆ.

ಮುಂಗಾರಿಗೆ ಮೊದಲು ಛಾವಣಿ ಗುಡಿಸಿ, ಪಾರಿವಾಳದ ಹೊಲಸು ತೆಗೆಯಿರಿ. ಪ್ರತಿ ಮಳೆಯ ಮೊದಲ 100 ಲೀಟರ್ ಹೊರಗೆ ಹೋಗುವಂತೆ ಪೈಪಿಗೆ ಒಂದು ವಾಲ್ವ್ ಇಡಿಸಿ. ಆಮೇಲೆ ಜಲ್ಲಿ, ಮರಳು, ಇದ್ದಿಲಿನ ಡ್ರಮ್ಮಿನಲ್ಲಿ ಸೋಸಿ ಮುಚ್ಚಿದ ಟ್ಯಾಂಕಿಗೆ ಬಿಡಿ. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಕುಡಿಯುವುದಾದರೆ ಕುದಿಸಿ. ಟ್ಯಾಂಕಿ ತುಂಬಿ ಹೆಚ್ಚಾದದ್ದನ್ನು ಬೋರ್ ಪಕ್ಕದ ಇಂಗುಗುಂಡಿಗೆ ಬಿಡಬಹುದು, ಸೋಸದೆ ಮಾತ್ರ ಬೇಡ.

9. ಈಗಾಗಲೇ ಕಟ್ಟಿದ ಸುಣ್ಣ ತೆಗೆಯುವುದು

ಬೇಕಾದದ್ದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಒಂದು ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ.

ಬಕೆಟ್ ಕಾಯಿಲ್ ಇದ್ದರೆ ಪ್ಲಗ್ ತೆಗೆದು, ಆರಿದ ಮೇಲೆ ಸುರುಳಿಯ ಭಾಗ ಮಾತ್ರ ಇದರಲ್ಲಿ ಮುಳುಗಿಸಿ. ಬುರುಬುರು ಗುಳ್ಳೆ ಏಳುತ್ತದೆ. ಒಂದು ತಾಸಿಗೆ ಹಕ್ಕಳೆ ಮೆತ್ತಗಾಗಿ ಕೈಗೇ ಬರುತ್ತದೆ. ಚಾಕುವಿನಿಂದ ಕೆರೆದರೆ, ಸುತ್ತಿಗೆಯಿಂದ ಬಡಿದರೆ ಮೇಲಿನ ಲೋಹ ಒಡೆದು ನೀರಿಗೆ ಕರೆಂಟ್ ಇಳಿಯಬಹುದು. ಅದು ಜೀವಕ್ಕೇ ಅಪಾಯ.

ಗೀಜರ್ ನೀವೇ ಬಿಚ್ಚಬೇಡಿ. ಮೆಕ್ಯಾನಿಕ್ ಬಂದಾಗ ಎರಡು ಕೆಲಸ ಹೇಳಿ: ಎಲಿಮೆಂಟ್ ತೊಳೆಯುವುದು, ಆನೋಡ್ ರಾಡ್ ನೋಡುವುದು. ಆನೋಡ್ ರಾಡ್ ಅಂದರೆ ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವ ಮ್ಯಾಗ್ನೀಸಿಯಂ ಕಡ್ಡಿ. ಸವೆದು ತಂತಿ ಮಾತ್ರ ಉಳಿದಿದ್ದರೆ ಬದಲಿಸಿ. 640ರಂಥ ನೀರಿಗೆ ವರ್ಷಕ್ಕೊಮ್ಮೆಯಾದರೂ ಇದು ಆಗಬೇಕು. ಹೊಸದಾಗಿ ಸೋಲಾರ್ ಹಾಕಿಸುವವರು ತಾಮ್ರದ ಪೈಪಿನ ಚಪ್ಪಟೆ ಫಲಕಕ್ಕಿಂತ ಗಾಜಿನ ಕೊಳವೆಯದ್ದು ತಗೊಳ್ಳಿ. ಸಣ್ಣ ತಾಮ್ರದ ಪೈಪಿನಲ್ಲಿ ಸುಣ್ಣ ಬೇಗ ಕಟ್ಟಿಕೊಳ್ಳುತ್ತದೆ.

ನಳ, ಶವರ್‌ಗೆ ನಿಂಬೆ ಉಪ್ಪಿನ ನೀರಲ್ಲಿ ಅದ್ದಿದ ಅರಿವೆ ಸುತ್ತಿ ಅರ್ಧ ಗಂಟೆ ಬಿಡಿ. ಬಚ್ಚಲು ತೊಳೆಯುವ ಸ್ಟ್ರಾಂಗ್ ಆಸಿಡ್ ನಳಕ್ಕೆ ಹಾಕಬೇಡಿ, ಮೇಲಿನ ಹೊಳಪು ಒಂದೇ ಸಲಕ್ಕೆ ಹೋಗುತ್ತದೆ. ಆಸಿಡ್ ಹಾಕಿದ ಕಡೆ ಬ್ಲೀಚಿಂಗ್ ಪೌಡರ್ ಬೀಳಲೇಬಾರದು. ಎರಡೂ ಕೂಡಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಉಸಿರೇ ಕಟ್ಟುತ್ತದೆ.

ಹಳೆ ಮನೆಯವರು ಇನ್ನೊಂದು ನೆನಪಿಡಿ. ನೆಲದ ಬಿಳಿ ಕಲೆ ತೆಗೆಯಲು ಶಹಾಬಾದಿ ಫರಸಿ ಮೇಲೆ ಆಸಿಡ್ ಆಗಲಿ, ನಿಂಬೆ ಉಪ್ಪಾಗಲಿ ಸುರಿಯಬೇಡಿ. ಆ ಫರಸಿಯೂ ಸುಣ್ಣದ ಕಲ್ಲೇ. ಕಲೆಯ ಜೊತೆ ಅದೂ ಗುಳ್ಳೆ ಎದ್ದು ಕರಗುತ್ತದೆ, ನೆಲ ಹೊಳಪು ಹೋಗಿ ಹಳ್ಳ ಬೀಳುತ್ತದೆ. ಅಲ್ಲಿಗೆ ಒದ್ದೆ ಅರಿವೆ, ಸ್ವಲ್ಪ ಸಾಬೂನು, ಮಳೆ ನೀರು ಅಷ್ಟೇ.